ಆರ್ಡರ್ ಐಡಿಯನ್ನು ಜೇಸನ್‌ನಲ್ಲಿ ನಂಬರ್ ಆಗಿ ಕಳಿಸಬೇಡಿ

ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸರ್ವಿಸ್‌ಗಳ ನಡುವೆ ಜೇಸನ್‌ನಲ್ಲಿ (ಡೇಟಾವನ್ನು ಪಠ್ಯವಾಗಿ ಬರೆದು ಕಳಿಸುವ ವಿಧಾನ) ಡೇಟಾ ಕಳಿಸುವವರು ದಯವಿಟ್ಟು ಇದನ್ನು ಓದಿ. ಹಬ್ಬದ ಸೇಲ್ ದಿನ ನಮ್ಮಲ್ಲಿ ಕೆಲವು ಆರ್ಡರ್‌ಗಳು ಸದ್ದಿಲ್ಲದೆ ಕಳೆದುಹೋದವು. ಗ್ರಾಹಕರು ದುಡ್ಡು ಕಟ್ಟಿಯಾಗಿತ್ತು, ಪಾರ್ಸೆಲ್ ಹೊರಡಲೇ ಇಲ್ಲ. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಹಬ್ಬಕ್ಕೆ ಅಂತ ತರಿಸಿದವರು ಹಬ್ಬ ಮುಗಿದ ಮೇಲೂ ಫೋನ್ ಮಾಡುತ್ತಿದ್ದರು. ಅವರಿಗೆ ಏನು ಹೇಳೋದು?

ನಮ್ಮ ಆರ್ಡರ್ ಸರ್ವಿಸ್ ಜಾವಾದಲ್ಲಿದೆ. ಪಾರ್ಸೆಲ್ ಕೆಲಸ ಹೊರಗಿನ ಒಂದು ಕಂಪನಿಯದು, ಅವರದು ನೋಡ್ ಜೆಎಸ್, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್. ಕೇಳಿದರೆ, "ನೀವು ಒಂದೇ ಆರ್ಡರನ್ನು ಎರಡು ಸಲ ಕಳಿಸಿದ್ದೀರಿ, ಎರಡನೆಯದನ್ನು ಬಿಟ್ಟಿದ್ದೇವೆ" ಎಂದರು. ಹಾಗೆ ಬಿಡುವುದು ಸರಿಯಾದ ಪದ್ಧತಿಯೇ. ನೆಟ್‌ವರ್ಕ್ ಕೈಕೊಟ್ಟಾಗ ಕಳಿಸಿದ್ದನ್ನೇ ಮತ್ತೆ ಕಳಿಸಬೇಕಾಗುತ್ತದೆ. ಹಾಗಾಗಿ ಪಡೆಯುವವರು ಐಡಿ ನೋಡಿ ನಕಲನ್ನು ಬಿಡಲೇಬೇಕು. ಆದರೆ ನಾವು ಕಳಿಸಿದ್ದು ಎರಡು ಬೇರೆ ಆರ್ಡರ್!

ಎರಡೂ ಕಡೆಯ ಲಾಗ್ ಪಕ್ಕಪಕ್ಕ ಇಟ್ಟಾಗ ವಿಷಯ ಗೊತ್ತಾಯಿತು. ಉದಾಹರಣೆಗೆ ನಮ್ಮ ಕಡೆ 1541815603606036480 ಮತ್ತು 1541815603606036481 ಇದ್ದರೆ, ಅವರ ಕಡೆ ಎರಡೂ 1541815603606036500. ಬೇಕಾದರೆ ಬ್ರೌಸರ್ ಕನ್ಸೋಲ್‌ನಲ್ಲಿ ಈಗಲೇ ಹಾಕಿ ನೋಡಿ.

ಜಾವಾಸ್ಕ್ರಿಪ್ಟ್‌ನ ನಂಬರ್ ಅಂದರೆ ಫ್ಲೋಟಿಂಗ್ ಪಾಯಿಂಟ್, ಅಂದರೆ ಸೀಮಿತ ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುವ ಬಗೆ. 9007199254740991 ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳನ್ನೂ ಅದು ಸರಿಯಾಗಿ ಹಿಡಿದಿಡಲಾರದು. ಮೇಲಿನಷ್ಟು ದೊಡ್ಡ ಸಂಖ್ಯೆಯಲ್ಲಂತೂ 256ರ ಹೆಜ್ಜೆ ಹಾಕುತ್ತದೆ, ನಡುವಿನ ಸಂಖ್ಯೆಗಳೆಲ್ಲ ಹತ್ತಿರದ ಹೆಜ್ಜೆಗೆ ಸರಿದುಬಿಡುತ್ತವೆ. ನಮ್ಮ ಐಡಿ ಟ್ವಿಟರ್‌ನ ಸ್ನೋಫ್ಲೇಕ್ ಮಾದರಿಯದು: ಮೊದಲು ಸಮಯ, ಆಮೇಲೆ ಮಷಿನ್ ಸಂಖ್ಯೆ, ಕೊನೆಯ 12 ಬಿಟ್‌ಗಳಲ್ಲಿ ಆ ಮಿಲಿಸೆಕೆಂಡಿನ ಸರದಿ. ಒಂದೇ ಮಷಿನ್‌ನಲ್ಲಿ ಒಂದೇ ಮಿಲಿಸೆಕೆಂಡಿಗೆ ಎರಡು ಆರ್ಡರ್ ಬಂದರೆ ಅವುಗಳ ನಡುವೆ ಇರುವ ವ್ಯತ್ಯಾಸ ಬರೀ 1. ಮಾಮೂಲಿ ದಿನ ಹಾಗಾಗುವುದು ತೀರಾ ಅಪರೂಪ. ಅದಕ್ಕೇ ಟೆಸ್ಟಿಂಗ್ ಪಾಸಾಯಿತು, ತಿಂಗಳುಗಟ್ಟಲೆ ಎಲ್ಲ ಸರಿಯಾಗಿಯೇ ಓಡಿತು. ರಶ್ ಜಾಸ್ತಿಯಾದ ದಿನವೇ, ಅಂದರೆ ಹೆಚ್ಚು ಜನ ನಮ್ಮನ್ನು ನಂಬಿದ ದಿನವೇ, ಕೈಕೊಟ್ಟಿತು.

ಇದು ಹೊಸ ಸಮಸ್ಯೆಯೇನೂ ಅಲ್ಲ ಅನ್ನೋದೇ ನನಗೆ ಹೆಚ್ಚು ನೋವಿನ ವಿಷಯ. 2010ರಲ್ಲೇ ಟ್ವಿಟರ್ ಇದೇ ಕಾರಣಕ್ಕೆ ಐಡಿಯನ್ನು ಸ್ಟ್ರಿಂಗ್ (ಸಂಖ್ಯೆಯಾಗಿ ಅಲ್ಲ, ಬರೀ ಪಠ್ಯವಾಗಿ) ಆಗಿಯೂ ಕೊಡಲು ಶುರು ಮಾಡಿತು. ಗೂಗಲ್‌ನ ಡೇಟಾ ಕಳಿಸುವ ವಿಧಾನವಾದ ಪ್ರೋಟೋಬಫ್ ಕೂಡ 64 ಬಿಟ್ ಪೂರ್ಣಾಂಕವನ್ನು ಜೇಸನ್‌ಗೆ ಹಾಕುವಾಗ ಸ್ಟ್ರಿಂಗ್ ಮಾಡುತ್ತದೆ. ಜೇಸನ್‌ನ ಅಧಿಕೃತ ನಿಯಮಪತ್ರವಾದ ಆರ್‌ಎಫ್‌ಸಿ 8259ರಲ್ಲೂ ಈ ಮಿತಿಯ ಮಾತಿದೆ. ನಮ್ಮಿಬ್ಬರ ನಡುವಿನ ಎಪಿಐ ದಾಖಲೆಯಲ್ಲಿ (ಯಾವ ಡೇಟಾ ಹೇಗಿರಬೇಕು ಅನ್ನೋ ಒಪ್ಪಂದದಲ್ಲಿ) ಮಾತ್ರ ಆರ್ಡರ್ ಐಡಿ ಎದುರಿಗೆ "ನಂಬರ್" ಅಂತಷ್ಟೇ ಇತ್ತು.

ದೊಡ್ಡ ಪೂರ್ಣಾಂಕಗಳಿಗೆ ಅಂತಲೇ ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್ ಇದೆಯಲ್ಲ ಅನ್ನಬಹುದು. ಆದರೆ ಮಾಮೂಲಿ ಜೇಸನ್ ಪಾರ್ಸ್ (ಬಂದ ಪಠ್ಯವನ್ನು ಓದಿ ಬಿಡಿಸುವುದು) ಮುಗಿಯುವಷ್ಟರಲ್ಲೇ ಅಂಕಿ ಹಾಳಾಗಿರುತ್ತದೆ, ಆಮೇಲೆ ಬಿಗ್‌ಇಂಟ್ ಮಾಡಿ ಪ್ರಯೋಜನವಿಲ್ಲ. ಐಡಿಯನ್ನು ಸ್ಟ್ರಿಂಗ್ ಆಗಿಯೇ ಕಳಿಸಿ, ದಾಖಲೆಯಲ್ಲೂ ಹಾಗೇ ಬರೆಸಿ. ಟೆಸ್ಟ್‌ಗೆ 1, 2, 3 ಅಂತ ಐಡಿ ಕೊಡಬೇಡಿ. 19 ಅಂಕಿಯದನ್ನು, ಅದೂ ಅಕ್ಕಪಕ್ಕದ ಎರಡು ಐಡಿಗಳನ್ನು ಕಳಿಸಿ, ವಾಪಸ್ ತರಿಸಿಕೊಂಡು ಅಂಕಿ ಅಂಕಿ ಹೋಲಿಸಿ. ಲೆಕ್ಕ ತಾಳೆ ಹಾಕಲು ಅದೇ ಐಡಿಗಳನ್ನು ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ಅವರಿಗೂ ಹೇಳಿ, ಅದು 15 ಅಂಕಿಯ ನಂತರದ್ದನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ.