ಪೆನ್ನು, ಕೀಬೋರ್ಡ್, ಬಾಯಿಮಾತು: ಒಂದೇ ಕಾದಂಬರಿಗೆ ಮೂರು ಬಗೆಯ ಕರಡು

ಬರೆಯುವವರು ನಾಲ್ಕು ಜನ ಸೇರಿದರೆ ಮಾತು ಎರಡೇ ಕಡೆ ತಿರುಗುತ್ತದೆ. ಒಂದು, ರಾಯಲ್ಟಿ ಬಂತಾ? ಇನ್ನೊಂದು, ನೀವು ಕೈಯಲ್ಲಿ ಬರೀತೀರೋ, ಟೈಪ್ ಮಾಡ್ತೀರೋ? ಮೊದಲನೆಯದಕ್ಕೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ಜಗಳವೆಲ್ಲ ಎರಡನೆಯದಕ್ಕೇ. ಪೆನ್ನಿನವರಿಗೆ ಟೈಪ್ ಮಾಡುವವರೆಲ್ಲ ಗುಮಾಸ್ತರ ಹಾಗೆ ಕಾಣುತ್ತಾರೆ, ಟೈಪಿನವರಿಗೆ ಪೆನ್ನಿನವರು ಹಳೇ ಕಾಲದವರ ಹಾಗೆ.

ಕಳೆದ ಕಾದಂಬರಿಯಲ್ಲಿ ನನಗೆ ಎರಡೂ ಪಕ್ಷದ ಜೊತೆ ಮೂರನೆಯದನ್ನೂ ನೋಡುವ ಹಾಗಾಯಿತು. ಒಟ್ಟು 27 ಅಧ್ಯಾಯ. ಮೊದಲ ಒಂಬತ್ತು ಪೆನ್ನಿನಲ್ಲಿ, ನಡುವಿನ ಒಂಬತ್ತು ಲ್ಯಾಪ್‌ಟಾಪಿನಲ್ಲಿ, ಕೊನೆಯ ಒಂಬತ್ತು ಬಾಯಲ್ಲಿ ಹೇಳಿ. ಯೋಚಿಸಿ ಹಂಚಿಕೊಂಡದ್ದೇನಲ್ಲ. ಪೆನ್ನಿನ ನಡಿಗೆಯಲ್ಲಿ ಹೋಗುತ್ತಿರುವಾಗ ಪ್ರಕಾಶಕರಿಗೆ ಒಪ್ಪಂದದಲ್ಲಿ ಬರೆದುಕೊಟ್ಟ ತಾರೀಖು ಕಣ್ಣೆದುರು ಬಂತು, ಲ್ಯಾಪ್‌ಟಾಪಿಗೆ ಹಾರಿದೆ. ಅಲ್ಲಿ ಕುಟ್ಟಿ ಕುಟ್ಟಿ ಬಲಗೈ ಮಣಿಕಟ್ಟು ಹಿಡಿದುಕೊಂಡಿತು, ಬಾಯಿಗೆ ಬಂದೆ. ದಿನವೂ ಬರೆಯಲು ಕೂತ ಹೊತ್ತು, ಆಮೇಲೆ ಅದನ್ನೇ ತಿದ್ದಲು ಹಿಡಿದ ಹೊತ್ತು, ಎರಡನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚಿಡುವ ಚಟ ನನಗಿದೆ. ಈ ಹೋಲಿಕೆಗೆ ಆ ಪುಟವೇ ಆಧಾರ.

ಪದ ಎಣಿಸಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ ದಿನದ ಪದಸಂಖ್ಯೆ ಒಂದು ವ್ರತ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಟ್ರೋಲಪ್ ಅಂಚೆ ಇಲಾಖೆಯ ಕೆಲಸಕ್ಕೆ ಹೊರಡುವ ಮುಂಚೆ ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ ಬರೆಯುತ್ತಿದ್ದುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದ ಬರೆಯುವ ಪಂಥ ಕಟ್ಟಿದವರಿಗೆ ದಿನಕ್ಕೆ 1,667 ಬರಬೇಕು. ಆ ಲೆಕ್ಕ ಇಟ್ಟುಕೊಂಡು ಕನ್ನಡದಲ್ಲಿ ಕೂತರೆ ಎದೆ ಒಡೆಯುತ್ತದೆ. 'ಬರಬೇಕಾಗಿತ್ತಂತೆ' ನಮಗೆ ಒಂದು ಪದ, ಅವರಿಗೆ ಐದಾರು. ಹಾಗಾಗಿ ನಾನು ಲೆಕ್ಕ ಹಾಕಿದ್ದು ಒಂದು ಅಧ್ಯಾಯ ಅಚ್ಚಿಗೆ ಕೊಡುವ ಸ್ಥಿತಿಗೆ ಬರಲು ಒಟ್ಟು ಎಷ್ಟು ಗಂಟೆ ಹಿಡಿಯಿತು ಅನ್ನುವುದನ್ನು.

ಪೆನ್ನಿಗೆ ಸರಾಸರಿ ಏಳು ಗಂಟೆ ಬರೆಯಲು, ಮೂರು ಗಂಟೆ ಟೈಪ್ ಮಾಡುತ್ತಾ ತಿದ್ದಲು. ಬಲಬದಿಯ ಪುಟದಲ್ಲಿ ಬರಹ, ಎಡಬದಿ ಖಾಲಿ. ಆಮೇಲೆ ಹೊಳೆದದ್ದಕ್ಕೆ ಅಲ್ಲಿಂದ ಬಾಣ. ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆಯುವುದೇ ತನ್ನ ಅಗ್ಗಳಿಕೆ ಎಂದ ಕುಮಾರವ್ಯಾಸ. ನಮ್ಮಂಥವರದು ಹೊಡೆದುಹಾಕಿದ್ದೇ ಹೆಚ್ಚು. ಆದರೆ ಪೆನ್ನಿನಲ್ಲಿ ಹೊಡೆದುಹಾಕಿದ್ದು ಅಲ್ಲೇ ಇರುತ್ತದೆ ನೋಡಿ, ಅದರ ಬೆಲೆ ನನಗೆ ಗೊತ್ತಾದದ್ದು ನಾಲ್ಕನೇ ಅಧ್ಯಾಯದಲ್ಲಿ. ನಾಯಕಿಯ ಗಂಡ ಮನೆ ಬಿಟ್ಟು ಹೋದ ರಾತ್ರಿ. 'ಅವಳು ಬಾಗಿಲು ಹಾಕಿದಳು' ಅಂತ ಬರೆದು, ಸಪ್ಪೆ ಅನ್ನಿಸಿ ಗೀಟು ಎಳೆದು 'ಮುಚ್ಚಿದಳು' ಮಾಡಿದೆ. ಅದನ್ನೂ ಹೊಡೆದು 'ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡಳು' ಅಂತ ಬರೆದು ಬೀಗಿದೆ. ಎರಡು ತಿಂಗಳ ಮೇಲೆ ಟೈಪ್ ಮಾಡಲು ಕೂತಾಗ ಮೂರೂ ಒಂದರ ಮೇಲೊಂದು ಕಾಣಿಸಿದವು. ಹಾಕಿದಳು ಅನ್ನುವುದೇ ಸರಿ. ದಿನಾ ರಾತ್ರಿ ಹಾಕುವ ಹಾಗೇ ಹಾಕಿದ್ದಾಳೆ, ಸಂಕಟ ಇರುವುದೇ ಅಲ್ಲಿ. ಪರದೆಯ ಮೇಲಾಗಿದ್ದರೆ ಆ ಮೊದಲ ಪದ ಎಂದೋ ಅಳಿಸಿಹೋಗಿ, ನಾನು ಮೂರನೆಯದನ್ನೇ ತೀಡಿ ಹೊಳಪು ಕೊಡುತ್ತಾ ಕೂತಿರುತ್ತಿದ್ದೆ.

ತೊಂದರೆ ಶುರುವಾಗುವುದು ಹಸ್ತಪ್ರತಿಯನ್ನು ಬೇರೆಯವರಿಗೆ ಟೈಪಿಗೆ ಕೊಟ್ಟಾಗ. ಮೊದಲ ಎರಡು ಅಧ್ಯಾಯ ಹಾಗೆ ಕೊಟ್ಟಿದ್ದೆ. ನನ್ನ ತಲೆಕಟ್ಟು ಎತ್ವದ ಹಾಗೆ ಕಾಣುತ್ತದಂತೆ. ನಾಯಕಿಯ ಕೈಯ ಬಳೆ ಅಷ್ಟೂ ಬೆಳೆಯಾಗಿ ಬಂತು. 'ಗೋಡೆಗೆ ತಾಗಿ ಬೆಳೆ ಒಡೆಯಿತು.' ಮೂರನೆಯದರಿಂದ ನಾನೇ ಟೈಪ್ ಮಾಡಿದೆ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಅದು ಟೈಪಿಂಗ್ ಅಲ್ಲ, ಎರಡನೇ ಕರಡು. ಒಂದು ಪ್ಯಾರಾವನ್ನು ಇನ್ನೊಮ್ಮೆ ಕುಟ್ಟಲು ಕೈ ಬರುವುದಿಲ್ಲ ಅಂದರೆ ಅದು ಪುಸ್ತಕಕ್ಕೆ ಬೇಕಾಗಿಲ್ಲ ಅಂತಲೇ ಲೆಕ್ಕ. ಏಳನೇ ಅಧ್ಯಾಯದಲ್ಲಿ ಒಂದೂವರೆ ಪುಟದ ಮಳೆ ಹೀಗೇ ಹೋಯಿತು.

ಕೀಬೋರ್ಡಿಗೆ ಐದು ಗಂಟೆ ಬರೆಯಲು, ಎಂಟು ಗಂಟೆ ತಿದ್ದಲು. ಎಂಟು! ನನಗೇ ನಂಬಿಕೆ ಬರದೆ ಪುಟವನ್ನು ಇನ್ನೊಮ್ಮೆ ಕೂಡಿ ನೋಡಿದೆ. ಕಾರಣ ಬೆರಳಿನದಲ್ಲ. ನಾನು ಬಳಸುವುದು 'ನುಡಿ' ತಂತ್ರಾಂಶದಲ್ಲಿ ಕಲಿತ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸ, ಒತ್ತಕ್ಷರಕ್ಕೆ ನಡುವೆ ಒಂದು ಕೀಲಿ ಒತ್ತಬೇಕು, 'ಸ್ತ್ರೀ' ಅನ್ನಲು ಆರು ಸಲ ಬೆರಳು ಆಡಬೇಕು, ಆದರೂ ಕೈ ತನ್ನಷ್ಟಕ್ಕೆ ಓಡುತ್ತದೆ. ಕಷ್ಟ ಏನೆಂದರೆ ಪರದೆಯ ಮೇಲೆ ಹಸಿ ಬರಹವೂ ಅಚ್ಚಾದ ಪುಸ್ತಕದ ಹಾಗೆ ಕಾಣುತ್ತದೆ. ಕೆಟ್ಟ ವಾಕ್ಯಕ್ಕೂ ಒಳ್ಳೆಯ ಫಾಂಟು. ದಿನಾ ಕಡತ ತೆರೆದ ತಕ್ಷಣ ಮೊದಲ ಪ್ಯಾರಾ ಎದುರಿಗೆ ಬರುತ್ತದೆ, ಒಂದು ಪದ ಸರಿಮಾಡೋಣ ಅಂತ ಕೈ ಹೋಗುತ್ತದೆ. ಹನ್ನೆರಡನೇ ಅಧ್ಯಾಯದ ಮೊದಲ ಪ್ಯಾರಾ ಕಡಿಮೆಯೆಂದರೂ ಇಪ್ಪತ್ತು ಸಲ ತಿದ್ದಿದ್ದೇನೆ, ಕೊನೆಯ ಪುಟ ಒಂದು ಸಲ. ಓದಿದರೆ ಗೊತ್ತಾಗುತ್ತದೆ.

ಫೋನಿನಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಬಲೆ ಇದೆ. ಎರಡು ಅಕ್ಷರ ಒತ್ತುವಷ್ಟರಲ್ಲಿ ಫೋನೇ ಪದ ಚಾಚುತ್ತದೆ, ಹತ್ತು ಜನ ಬಳಸುವ ಪದವನ್ನೇ. ಆತುರದಲ್ಲಿ ಅದನ್ನೇ ಮುಟ್ಟುತ್ತೇವೆ.

ಅಚ್ಚಿನ ಮನೆಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೂ ಪುಟವಿನ್ಯಾಸ ಮಾಡುವ ಎಷ್ಟೋ ಕಡೆ ಇನ್ನೂ ಹಳೆಯ ಫಾಂಟಿಗೆ ಪರಿವರ್ತಿಸಿಕೊಂಡೇ ಕೆಲಸ. ನಾನು ಕಳಿಸಿದ್ದು ಯೂನಿಕೋಡ್, ಕರಡಚ್ಚು ಬಂದಾಗ 'ಲ್ಯಾಪ್‌ಟಾಪ್' ಎಲ್ಲವೂ 'ಲ್ಯಾಪ್ಟಾಪ್' ಆಗಿ ಟಕಾರ ಕೆಳಗೆ ನೇತಾಡುತ್ತಿತ್ತು. ಎರಡು ವ್ಯಂಜನ ಅಂಟದ ಹಾಗೆ ನಡುವೆ ಇಡುವ ಕಣ್ಣಿಗೆ ಕಾಣದ ಸಂಕೇತ ಪರಿವರ್ತನೆಯಲ್ಲಿ ಉದುರಿಹೋಗಿತ್ತು. ಟೈಪ್ ಮಾಡಿ ಕೊಟ್ಟರೆ ಕರಡು ತಿದ್ದುವ ಕೆಲಸ ಉಳಿಯುತ್ತದೆ ಅನ್ನುವವರಿಗೆ ಈ ಮಾತು.

ಇನ್ನು ಬಾಯಿ. ಮೊದಲ ದಿನ, ಹೇಳಿದ್ದನ್ನು ತಾನೇ ಅಕ್ಷರ ಮಾಡಿಕೊಳ್ಳುವ ಫೋನು ಹಿಡಿದು ಕೋಣೆಯಲ್ಲಿ ಆಚೀಚೆ ಓಡಾಡುತ್ತಾ ಒಂದೂವರೆ ಗಂಟೆಯಲ್ಲಿ ಇಡೀ ಅಧ್ಯಾಯ ಹೇಳಿ ಮುಗಿಸಿದೆ. ಇಷ್ಟು ವರ್ಷ ಸುಮ್ಮನೆ ಬೆನ್ನು ಮುರಿದುಕೊಂಡೆನಲ್ಲ ಅನ್ನಿಸಿತು. ಮರುದಿನ ತೆರೆದು ಓದಿದೆ. ಪೂರ್ಣವಿರಾಮವಿಲ್ಲ, ಉದ್ಧರಣ ಚಿಹ್ನೆ ಇಲ್ಲ, ಯಾರು ಯಾರಿಗೆ ಹೇಳಿದ್ದು ಅಂತ ನನಗೇ ಗೊತ್ತಾಗಲಿಲ್ಲ. 'ಎದೆ ಹಗುರಾಯಿತು' ಅಂದದ್ದು 'ಎದೆ ಗುರಿಯಾಯಿತು' ಆಗಿತ್ತು. (ಚೆನ್ನಾಗಿದೆಯಲ್ಲ ಅಂತ ಐದು ನಿಮಿಷ ಯೋಚಿಸಿದೆ.) ಅದಕ್ಕಿಂತ ಹೊಟ್ಟೆ ಉರಿದದ್ದು ಸಂಭಾಷಣೆ ನೋಡಿ. ನನ್ನ ಕಾದಂಬರಿಯ ಮುದುಕಿ 'ಹೋಗ್ಬುಟ್ಟ ಕಣ್ಲಾ' ಅನ್ನುವವಳು, ಯಂತ್ರ ಅವಳನ್ನು ಶಾಲೆಗೆ ಕಳಿಸಿ 'ಹೋಗಿಬಿಟ್ಟ' ಅನ್ನಿಸಿತ್ತು. ಆ ಅಧ್ಯಾಯಕ್ಕೆ ತಿದ್ದಲು ಹಿಡಿದದ್ದು ಒಂಬತ್ತು ಗಂಟೆ. ಅಂದರೆ ಒಟ್ಟು ಹತ್ತೂವರೆ. ಪೆನ್ನಿಗಿಂತ ಅರ್ಧ ಗಂಟೆ ಜಾಸ್ತಿಯೇ.

ಆದರೆ ಬಾಯಲ್ಲಿ ಹೇಳಿ ಬರೆಸಿದವರು ಇದ್ದಾರಲ್ಲ, ಅವರು ಹೇಗೆ ಮಾಡಿದರು? ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ಕಥೆ ಬರೆಯುವವರಿಗೆಲ್ಲ ಗೊತ್ತಿರಬೇಕು, ಒಪ್ಪಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬಾರದು ಅನ್ನುವುದಕ್ಕಾದರೂ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಪ್ರಕಾಶಕ ಒಂದು ಕಾಸೂ ಕೊಡದೆ ಅಚ್ಚು ಹಾಕಬಹುದು ಎಂಬ ಷರತ್ತಿಗೆ ಅವನು ಸಾಲದ ಕುತ್ತಿಗೆಹಿಡಿತದಲ್ಲಿ ಒಪ್ಪಿದ್ದ. ಅಕ್ಟೋಬರ್ ಬಂದರೂ ಬರೆದದ್ದು ಏನೂ ಇಲ್ಲ. ಶೀಘ್ರಲಿಪಿ ಕಲಿತ ಆನ್ನಾ ಎಂಬ ಹುಡುಗಿಯನ್ನು ಗೊತ್ತುಮಾಡಿಕೊಂಡು 26 ದಿನದಲ್ಲಿ ಹೇಳಿ ಮುಗಿಸಿದ. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ. ಹಸ್ತಪ್ರತಿಯನ್ನು ಪೊಲೀಸರಿಗೆ ಒಪ್ಪಿಸಿ ರಸೀತಿ ಪಡೆದು ತಾರೀಖು ಉಳಿಸಿಕೊಂಡ. ಮರುವರ್ಷ ಫೆಬ್ರವರಿಯಲ್ಲಿ ಆನ್ನಾಳನ್ನು ಮದುವೆಯಾದ ಅನ್ನುವಲ್ಲಿಗೆ ಎಲ್ಲರೂ ಕಥೆ ಮುಗಿಸುತ್ತಾರೆ. ನನಗೆ ಬೇಕಾದದ್ದು ನಡುವಿನ ವಿವರ. ಅವನು ರಾತ್ರಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ, ಹಗಲು ಹೇಳುತ್ತಿದ್ದ, ಆಕೆ ಮನೆಗೆ ಹೋಗಿ ಶೀಘ್ರಲಿಪಿಯನ್ನು ಬಿಡಿಸಿ ಬರೆದು ತರುತ್ತಿದ್ದಳು, ಅದನ್ನು ಅವನು ತಿದ್ದುತ್ತಿದ್ದ. ಬಾಯಿಗೆ ಬಂದದ್ದನ್ನು ಒದರಿದ್ದಲ್ಲ ಅದು.

ಅಮೆರಿಕದಲ್ಲಿ ಹುಟ್ಟಿದ ಕಾದಂಬರಿಕಾರ ಹೆನ್ರಿ ಜೇಮ್ಸ್ ಕೂಡ ನನ್ನ ಹಾಗೆ ಮಣಿಕಟ್ಟಿನ ನೋವಿಗೇ 1897ರ ಹೊತ್ತಿಗೆ ಹೇಳಿ ಬರೆಸಲು ಶುರುಮಾಡಿದವನು. ಎದುರಿಗೆ ಟೈಪ್‌ರೈಟರಿನಲ್ಲಿ ಕೂತವರಿಗೆ ನೇರವಾಗಿ ಹೇಳುತ್ತಿದ್ದ. ಅವನ ಕೊನೆಗಾಲದ ವಾಕ್ಯಗಳು ಬಳ್ಳಿಯ ಹಾಗೆ ಹಬ್ಬಿದ್ದು ಅದರಿಂದಲೇ ಅನ್ನುವವರಿದ್ದಾರೆ. ಇರಬಹುದು. ನನ್ನವೂ ಹಬ್ಬಿದವು, ಹೂ ಬಿಡಲಿಲ್ಲ ಅಷ್ಟೇ.

ಇಬ್ಬರಿಗೂ ಎದುರಿಗೆ ಕೇಳುವ ಜೀವ ಒಂದಿತ್ತು. ಇಪ್ಪತ್ತೊಂದನೇ ಅಧ್ಯಾಯದಿಂದ ನಾನೂ ಹಾಗೇ ಮಾಡಿದೆ. ರಾತ್ರಿ ಒಂದು ಚೀಟಿಯಲ್ಲಿ ಏಳೆಂಟು ಸಾಲು, ಬೆಳಿಗ್ಗೆ ರಜೆಗೆ ಬಂದಿದ್ದ ಅಕ್ಕನ ಮಗಳ ಎದುರು ಕೂತು ಹೇಳುವುದು, ಅವಳು ಲ್ಯಾಪ್‌ಟಾಪಿನಲ್ಲಿ ಹೊಡೆಯುವುದು. ಎರಡನೇ ದಿನವೇ ಕೈ ನಿಲ್ಲಿಸಿ ಕೇಳಿದಳು: "ಚಿಕ್ಕಮ್ಮ, ಅವನು ಆಗಲೇ ಎದ್ದು ಹೋದನಲ್ಲ? ಮತ್ತೆ ಕುರ್ಚಿ ಮೇಲೆ ಹೇಗೆ ಕೂತಿದಾನೆ?" ಇನ್ನೊಮ್ಮೆ, ನಾನು ಬಹಳ ಇಷ್ಟಪಟ್ಟು ಹೇಳಿದ ವಾಕ್ಯಕ್ಕೆ: "ಇದನ್ನೂ ಹೊಡೀಲಾ?" ಆ 'ಲಾ' ಸಾಕಾಯಿತು.

ವ್ಯಾಸರಿಗೂ ಗಣಪತಿಗೂ ಆದ ಕರಾರು ನೆನಪಾಯಿತು. ಲೇಖನಿ ನಿಲ್ಲುವ ಹಾಗೆ ಮಾಡಬಾರದು ಅಂತ ಗಣಪತಿಯ ಷರತ್ತು. ಅರ್ಥವಾಗದೆ ಬರೆಯಬಾರದು ಅಂತ ವ್ಯಾಸರ ಷರತ್ತು. ಕಗ್ಗಂಟಿನ ಶ್ಲೋಕ ಬಂದಾಗ ಗಣಪತಿ ಯೋಚಿಸುವಷ್ಟು ಹೊತ್ತು ವ್ಯಾಸರಿಗೆ ಮುಂದಿನದಕ್ಕೆ ಬಿಡುವು. ಫೋನಿಗೆ ಎರಡನೇ ಷರತ್ತು ಹಾಕಲು ಬರುವುದಿಲ್ಲ. ಅಕ್ಕನ ಮಗಳು ಎರಡನ್ನೂ ಪಾಲಿಸಿದಳು, ಎರಡನೆಯದನ್ನು ಸ್ವಲ್ಪ ಹೆಚ್ಚಾಗಿಯೇ. ಅವಳ ಜೊತೆ ಮಾಡಿದ ಅಧ್ಯಾಯಗಳಿಗೆ ಹೇಳಲು ಮೂರು ಗಂಟೆ, ತಿದ್ದಲು ನಾಲ್ಕು. ಪೆನ್ನು, ಕೀಬೋರ್ಡ್, ಫೋನು, ಅವಳು, ಈ ನಾಲ್ಕರಲ್ಲಿ ಅದೇ ಅಗ್ಗ, ಅವಳ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಹಿಡಿಯಲೇಬೇಕು; ಹಿಡಿದರೆ ಪೆನ್ನಿನ ಹತ್ತಕ್ಕೇ ಬಂದು ನಿಲ್ಲುತ್ತದೆ.

ಈ ಗಂಟೆಗಳನ್ನು ಯಾರೂ ಶಾಸನದ ಹಾಗೆ ಓದಬೇಡಿ. ಕೊನೆಯ ಅಧ್ಯಾಯಗಳ ಹೊತ್ತಿಗೆ ಪಾತ್ರಗಳು ಕೈಗೆ ಪಳಗಿರುತ್ತವೆ, ಯಾವುದರಲ್ಲಿ ಬರೆದರೂ ಬೇಗ ಆಗುತ್ತದೆ. ನಡುವಿನ ಭಾಗ ಎಲ್ಲ ಕಾದಂಬರಿಯಲ್ಲೂ ಹೂಳು. ಕೀಬೋರ್ಡಿಗೆ ಆ ಪಾಲು ಬಿದ್ದದ್ದು ಅದರ ದುರದೃಷ್ಟ. ಉದ್ದ ಗೊತ್ತಿರುವ ಅಂಕಣ, ಸಂಜೆಯೊಳಗೆ ಕೇಳಿದ ಮುನ್ನುಡಿ, ಪದಕ್ಕಿಷ್ಟು ಅಂತ ಕೊಡುವ ಅನುವಾದ, ಇವಕ್ಕೆಲ್ಲ ನಾನು ಈಗಲೂ ಕೀಬೋರ್ಡೇ. ಪದಸಂಖ್ಯೆ ಕೆಳಗೆ ಕಾಣುತ್ತಿರುತ್ತದೆ, ಸಂಪಾದಕರು ಕತ್ತರಿಸಿ ಅಂದರೆ ಅಲ್ಲೇ ಕತ್ತರಿಸಿ ಕಳಿಸಬಹುದು.

ಆದರೆ ಒಂದು ಸಂಗತಿಗೆ ನನ್ನಲ್ಲಿ ಜವಾಬಿಲ್ಲ. ಯಾವ ಅಧ್ಯಾಯ ಯಾವುದರಲ್ಲಿ ಬರೆದದ್ದು ಅಂತ ನಾನು ಸಂಪಾದಕರಿಗೆ ಹೇಳಿರಲಿಲ್ಲ. ತಿದ್ದಿ ತೀಡಿ, ಹೊಲಿಗೆ ಕಾಣದಂತೆ ಮಾಡಿದ್ದೇನೆ ಅಂತಲೇ ನಂಬಿಕೆ. ಅವರು ಹಿಂದಿರುಗಿಸಿದ ಪ್ರತಿಯಲ್ಲಿ ಹತ್ತನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: 'ಇಲ್ಲಿಂದ ವಾಕ್ಯಗಳು ಯಾಕೋ ಗಿಡ್ಡ. ಇಸ್ತ್ರಿ ಜಾಸ್ತಿಯಾಯಿತು.' ಹತ್ತೊಂಬತ್ತರಲ್ಲಿ: 'ಈಗ ಎಲ್ಲರೂ ಒಟ್ಟಿಗೇ ಮಾತಾಡಲು ಶುರುಮಾಡಿದರಲ್ಲ, ಏನಾಯಿತು?'

ಹತ್ತರಿಂದ ಹದಿನೆಂಟರವರೆಗೆ ಪೆನ್ನಿನಲ್ಲಿ ಮತ್ತೆ ಬರೆದೆ. ಆ ಗಂಟೆಗಳನ್ನು ಯಾವ ಕಲಮಿಗೆ ಹಾಕಬೇಕೋ ತಿಳಿಯದೆ ನೋಟ್‌ಬುಕ್ಕಿನಲ್ಲಿ ಬೇರೆ ಸಾಲು ಎಳೆದು ಬರೆದಿಟ್ಟಿದ್ದೇನೆ. ಹೊಸ ಕಾದಂಬರಿ ಈಗ ಮೂರನೇ ಅಧ್ಯಾಯದಲ್ಲಿದೆ, ಬಲಬದಿಯ ಪುಟದಲ್ಲಿ. ಸಂಭಾಷಣೆ ಬರುವ ಕಡೆಯೆಲ್ಲ ನಾಲ್ಕು ಸಾಲು ಬಿಟ್ಟು ಮುಂದೆ ಹೋಗುತ್ತಿದ್ದೇನೆ. ಅಕ್ಕನ ಮಗಳಿಗೆ ಮುಂದಿನ ರಜೆ ಯಾವಾಗ ಅಂತ ಕೇಳಿದ್ದಕ್ಕೆ, "ಈ ಸಲ ಪುಸ್ತಕದಲ್ಲಿ ನನ್ನ ಹೆಸರು ಹಾಕ್ತೀಯಾ ಚಿಕ್ಕಮ್ಮ?" ಅಂದಳು. ರಾಯಲ್ಟಿ ಮಾತ್ರ ಕೇಳಲಿಲ್ಲ, ಪುಣ್ಯ.