‘ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎನ್ನುವವರ ಕೈಗೆ ನಿಮ್ಮ ವೆಬ್‌ಸೈಟ್ ಕೊಡಬೇಡಿ

ಪುತ್ತೂರಿನ ಬಳಿ ಅಡಿಕೆ ಹಾಳೆಯ ತಟ್ಟೆ ತಯಾರಿಸುವ ನನ್ನ ಭಾವನವರಿಗೆ ಸಗಟು ಗಿರಾಕಿಗಳು ಸಿಗುತ್ತಿದ್ದುದೇ ಅವರ ವೆಬ್‌ಸೈಟ್‌ನಿಂದ. ಮೂರು ತಿಂಗಳಲ್ಲಿ ಗೂಗಲ್ ಹುಡುಕಾಟದಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ ಎಂದು ಒಂದು ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆ ಲಿಖಿತ ಭರವಸೆ ನೀಡಿ, ಮುಂಗಡ ಪಡೆದು ಕೆಲಸ ಆರಂಭಿಸಿತು. ಮೊದಲ ಕೆಲವು ವಾರ ವಿಚಾರಣೆಗಳು ಹೆಚ್ಚಿದ್ದು ನಿಜ. ಆಮೇಲೆ ಒಮ್ಮೆಲೇ ಅವು ನಿಂತುಹೋದವು. ಘಟಕದ ಹೆಸರನ್ನೇ ಟೈಪಿಸಿ ಹುಡುಕಿದರೂ ವೆಬ್‌ಸೈಟ್ ಮೊದಲ ಪುಟದಲ್ಲಿ ಕಾಣದಂತಾಯಿತು.

ಕಾರಣ ಹುಡುಕಲು ನಾನು ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ತಮ್ಮ ತಾಣದ ಸ್ಥಿತಿಯನ್ನು ಮಾಲೀಕರಿಗೆ ತೋರಿಸುವ ಗೂಗಲ್‌ನ ಸೇವೆ) ತೆರೆದಾಗ ‘ಮ್ಯಾನುಯಲ್ ಆ್ಯಕ್ಷನ್ಸ್’ ವಿಭಾಗದಲ್ಲಿ ಅಸಹಜ ಲಿಂಕ್‌ಗಳ, ಅಂದರೆ ಸ್ಥಾನ ಏರಿಸಲೆಂದೇ ಬೇರೆ ತಾಣಗಳಲ್ಲಿ ಹಾಕಿಸಿದ ಕೊಂಡಿಗಳ, ಕುರಿತ ನೋಟಿಸ್ ಇತ್ತು. ಗೂಗಲ್‌ನ ಸಿಬ್ಬಂದಿಯೇ ಪರಿಶೀಲಿಸಿ ವೆಬ್‌ಸೈಟ್ ನಿಯಮ ಮೀರಿದೆ ಎಂದು ತೀರ್ಮಾನಿಸಿದಾಗ ಮಾತ್ರ ಇಂಥ ನೋಟಿಸ್ ಬರುತ್ತದೆ. ನಮಗೆ ಲಿಂಕ್ ಕೊಟ್ಟಿದ್ದ ತಾಣಗಳ ಪಟ್ಟಿಯನ್ನು ಇಳಿಸಿಕೊಂಡು ನೋಡಿದರೆ, ವಿದೇಶಿ ಜೂಜಿನ ತಾಣಗಳು, ಸಾಲ ಕೊಡಿಸುವ ತಾಣಗಳು, ಯಾರೂ ಓದದ ಬ್ಲಾಗ್‌ಗಳು. ಅಷ್ಟರಲ್ಲೂ ‘ಅಡಿಕೆ ಹಾಳೆ ತಟ್ಟೆ ಸಗಟು ಮಾರಾಟ’ ಎಂಬರ್ಥದ ಒಂದೇ ಇಂಗ್ಲಿಷ್ ಪದಗುಚ್ಛದ ಮೇಲೆ ನಮ್ಮ ಲಿಂಕ್. ಇನ್ನು ನಮ್ಮದೇ ಮುಖಪುಟದ ತಳದಲ್ಲಿ ಖಾಲಿಯಾಗಿ ಕಾಣುತ್ತಿದ್ದ ಜಾಗವನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಿದಾಗ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ತುಂಬಿಸಿದ್ದ ಊರುಗಳ ಹೆಸರುಗಳು ಸಾಲುಸಾಲಾಗಿ ಎದ್ದು ಕಂಡವು. ಮೈಸೂರಿಗೊಂದು, ಹಾಸನಕ್ಕೊಂದು, ಹುಬ್ಬಳ್ಳಿಗೊಂದು ಎಂದು ಊರಿನ ಹೆಸರನ್ನಷ್ಟೇ ಬದಲಿಸಿದ ಪುಟಗಳೂ ಇದ್ದವು. ಅಲ್ಲೆಲ್ಲ ಭಾವನವರಿಗೆ ಮಳಿಗೆಯೂ ಇಲ್ಲ, ಏಜೆಂಟರೂ ಇಲ್ಲ.

ವಿಚಾರಿಸಿದಾಗ ಸಂಸ್ಥೆಯವರು ಕೊಟ್ಟ ಉತ್ತರ ‘ಎಲ್ಲರೂ ಮಾಡುವುದೇ ಸರ್’ ಎಂಬುದಾಗಿತ್ತು. ಇದು ಸುಳ್ಳು. ಸ್ಥಾನ ಏರಿಸಲು ಹಣ ಕೊಟ್ಟು ಲಿಂಕ್ ಕೊಳ್ಳುವುದು, ಅಕ್ಷರ ಬಚ್ಚಿಡುವುದು, ಊರಿನ ಹೆಸರಷ್ಟೇ ಬದಲಿಸಿ ಹುಡುಕುವವರನ್ನು ಸೆಳೆಯಲೆಂದೇ ಮಾಡಿದ ಇಂಥ ‘ಬಾಗಿಲು ಪುಟ’ಗಳನ್ನು ಕಟ್ಟುವುದು ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಸ್ಪಷ್ಟವಾಗಿ ನಿಷಿದ್ಧ. 2006ರಲ್ಲಿ ಬಾಗಿಲು ಪುಟಗಳಿಗಾಗಿ ಬಿಎಂಡಬ್ಲ್ಯುವಿನ ಜರ್ಮನ್ ವೆಬ್‌ಸೈಟನ್ನೇ ಗೂಗಲ್ ತನ್ನ ಫಲಿತಾಂಶಗಳಿಂದ ತೆಗೆದುಹಾಕಿತ್ತು. 2012ರಲ್ಲಿ ಗೂಗಲ್ ತನ್ನ ಹುಡುಕಾಟದ ಕ್ರಮದಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಮುಖ್ಯವಾಗಿ ಕೃತಕ ಲಿಂಕ್‌ಗಳನ್ನು ಗುರಿಯಾಗಿಸಿಕೊಂಡು ಬಂದದ್ದು. ಬಿಎಂಡಬ್ಲ್ಯು ತಪ್ಪು ತಿದ್ದಿಕೊಂಡು ಬೇಗನೆ ಮರಳಿತು, ಅದಕ್ಕೆ ಆ ಸಾಮರ್ಥ್ಯವಿತ್ತು. ಹತ್ತಾರು ಹೆಂಗಸರಿಗೆ ಕೆಲಸ ಕೊಟ್ಟಿರುವ ಸಣ್ಣ ಘಟಕಕ್ಕೆ ಒಂದು ಮದುವೆ ಸೀಸನ್ನಿನ ಆರ್ಡರ್‌ಗಳು ತಪ್ಪಿದರೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು.

ಸರಿಪಡಿಸುವುದು ಹಾಳುಮಾಡಿದಷ್ಟು ಸುಲಭವಾಗಿರಲಿಲ್ಲ. ಲಿಂಕ್ ತೆಗೆಯುವಂತೆ ಆಯಾ ತಾಣಗಳಿಗೆ ಬರೆದೆವು, ಹೆಚ್ಚಿನವು ಉತ್ತರಿಸಲಿಲ್ಲ. ಉಳಿದವನ್ನು ಡಿಸ್‌ಅವೋ ಫೈಲ್‌ನಲ್ಲಿ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಸೇರಿಸಿ, ಬಚ್ಚಿಟ್ಟ ಅಕ್ಷರಗಳನ್ನೂ ಊರಿನ ಪುಟಗಳನ್ನೂ ಅಳಿಸಿ, ಏನೇನು ಮಾಡಿದ್ದೇವೆಂದು ವಿವರಿಸಿ ಮರುಪರಿಶೀಲನೆಗೆ ಮನವಿ ಸಲ್ಲಿಸಿದೆವು. ನೋಟಿಸ್ ತೆರವಾಯಿತು, ಆದರೆ ಹಳೆಯ ಸ್ಥಾನ ಪೂರ್ತಿಯಾಗಿ ಮರಳಲಿಲ್ಲ. ಇದೆಲ್ಲದರ ನಡುವೆ ಡೊಮೇನ್ ಹೆಸರು, ಅಂದರೆ ವೆಬ್‌ಸೈಟ್‌ನ ವಿಳಾಸ, ಆ ಮಾರ್ಕೆಟಿಂಗ್ ಸಂಸ್ಥೆಯ ಖಾತೆಯಲ್ಲೇ ನೋಂದಣಿಯಾಗಿದೆಯೆಂದು ತಿಳಿದು, ಬಾಕಿ ಹಣ ಕಟ್ಟುವವರೆಗೂ ಅದನ್ನು ನಮ್ಮ ಖಾತೆಗೆ ತರಲು ಬೇಕಾದ ವರ್ಗಾವಣೆ ಕೋಡ್‌ಗಾಗಿ ಕಾಯಬೇಕಾಯಿತು.

ಆದ್ದರಿಂದ ಯಾರಿಗೇ ಎಸ್‌ಇಒ (ಹುಡುಕಾಟದಲ್ಲಿ ತಾಣ ಮೇಲೆ ಬರುವಂತೆ ಮಾಡುವ) ಕೆಲಸ ವಹಿಸಿದರೂ ಡೊಮೇನ್, ಸರ್ಚ್ ಕನ್ಸೋಲ್ ಮತ್ತು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಕಾಣುವ ವ್ಯವಹಾರದ ವಿವರ) ಇವುಗಳ ಮಾಲೀಕತ್ವ ನಿಮ್ಮ ಇಮೇಲ್‌ನಲ್ಲೇ ಇರಲಿ. ಅವರಿಗೆ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ. ಪ್ರತಿ ತಿಂಗಳು ಯಾವ ಪುಟ ಬದಲಿಸಿದರು, ಯಾವ ಲಿಂಕ್ ಎಲ್ಲಿಂದ ಬಂತು ಎಂಬ ಪಟ್ಟಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಪ್ರಾಮಾಣಿಕ ಸುಧಾರಣೆಯ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದೂ ಅದೇ ಹೇಳುತ್ತದೆ. ಈಗ ಭಾವನವರ ತಾಣದಲ್ಲಿ ಪ್ರತಿ ತಟ್ಟೆಯ ಅಳತೆ, ಒಂದು ಪ್ಯಾಕ್‌ನಲ್ಲಿರುವ ಸಂಖ್ಯೆ, ಕನಿಷ್ಠ ಆರ್ಡರ್, ಸಾಗಣೆಯ ದಿನಗಳು ಮತ್ತು ಘಟಕದಲ್ಲೇ ತೆಗೆದ ಫೋಟೋಗಳಿವೆ. ಕರೆ ಮಾಡುವ ಗಿರಾಕಿಗಳು ಆ ಅಳತೆಗಳನ್ನೇ ಹೇಳಿ ದರ ಕೇಳುತ್ತಿದ್ದಾರೆ.