ಡೋಲಿನ ಮನೆಯಲ್ಲಿ ಜಾಝ್: 'ಶಕ್ತಿ'ಯ ಮೊದಲ ಆಲ್ಬಂ

ನಮ್ಮಪ್ಪ ಕೋಲಾರದ ಸುತ್ತಮುತ್ತ ಮದುವೆಗಳಲ್ಲಿ ಓಲಗದ ಜೊತೆ ಡೋಲು ಬಾರಿಸುತ್ತಿದ್ದರು. ಹಾಗಾಗಿ ಯಾವ ಸಂಗೀತ ಬಂದರೂ ನನ್ನ ಕಿವಿ ಮೊದಲು ತಾಳಕ್ಕೇ ಹೋಗುತ್ತದೆ. ಪಾಶ್ಚಾತ್ಯ ಜಾಝ್ ಮತ್ತು ನಮ್ಮ ಶಾಸ್ತ್ರೀಯ ಸಂಗೀತ ಬೆರೆಸಿ ನುಡಿಸಿದ 'ಶಕ್ತಿ' ತಂಡದ ಮೊದಲ ಆಲ್ಬಂ ನನ್ನನ್ನು ಹಿಡಿದದ್ದೂ ಅಲ್ಲೇ.

1975ರಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯ ರೆಕಾರ್ಡಿಂಗ್ ಇದು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ, ರಾಮನಾಡ್ ರಾಘವನ್ ಮೃದಂಗ. ಹಾಡುವವರು ಇಲ್ಲ. ಇರುವುದು ಮೂರೇ ತುಣುಕು.

ಮೊದಲನೆಯದು ಸುಮಾರು 18 ನಿಮಿಷ. ಗಿಟಾರ್, ಪಿಟೀಲು ಎರಡೂ ಒಂದೇ ಸಾಲನ್ನು ಆ ವೇಗದಲ್ಲಿ ಒಟ್ಟಿಗೆ ನುಡಿಸುತ್ತವಲ್ಲ, ಮೈ ಜುಮ್ಮೆನ್ನುತ್ತದೆ! ಜಾಝ್‌ನವರು ಸ್ಥಳದಲ್ಲೇ ಹೊಸದಾಗಿ ನುಡಿಸುತ್ತಾ ಹೋಗುತ್ತಾರೆ. ನಮ್ಮವರ ಮನೋಧರ್ಮವೂ ಅದೇ ಅಲ್ವಾ? ಆ ಗಿಟಾರ್‌ಗೆ ಅಡ್ಡಲಾಗಿ ಶ್ರುತಿಗೆಂದೇ ಬೇರೆ ತಂತಿಗಳಿವೆ. ಅದರ ಕತ್ತಿನ ಮೇಲಿನ ಮೆಟ್ಟುಗಳ (ಫ್ರೆಟ್) ನಡುವಿನ ಮರವನ್ನು ಕೊರೆದು ತಗ್ಗು ಮಾಡಿಸಿದ್ದಾರೆ. ಅದಕ್ಕೇ ಸ್ವರವನ್ನು ಎಳೆದು ತೂಗಿಸುವ ಗಮಕ ವೀಣೆಯ ಹತ್ತಿರ ಬರುತ್ತದೆ.

ಎರಡನೆಯದು ಚಿಕ್ಕದು, ತಣ್ಣಗಿದೆ. ಕೊನೆಯದು 29 ನಿಮಿಷ. ನಡುವೆ ಸ್ವಲ್ಪ ಎಳೆದಂತೆ ನನಗೆ ಅನಿಸಿತು. ಆದರೆ ತಬಲಾ, ಘಟ, ಮೃದಂಗ ಮಾತಿಗೆ ಮಾತು ಕೊಡಲು ಶುರು ಮಾಡಿದರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಮೊಬೈಲ್ ಸ್ಪೀಕರ್‌ನಲ್ಲಿ ಸುಮ್ನೆ ಹಾಕಬೇಡಿ. ಘಟದ ತಳದ ಗುಂ ಎನ್ನುವ ನಾದ ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಅಪ್ಪನಿಗೂ ಹಾಗೇ ಕೇಳಿಸಿದೆ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು, ಮುಗಿದ ಮೇಲೆ "ಇನ್ನೊಂದ್ ಸಲ ಹಾಕಪ್ಪ" ಅಂದರು.